ಅಜ್ಜಿ ‘ಕೊಂಡದ್ದು’ ಅಂತಾರೆ, ಔಷಧಿ ಅಂಗಡಿಯವರು ‘ಕಿತ್ತುಕೊಂಡದ್ದು’ ಅಂತಾರೆ: ಯಾವುದು ನಿಜ?

ಓದುಗರ ಪ್ರಶ್ನೆ: ನಾನು ಉಡುಪಿ ಕಡೆಯವಳು. ನಾಲ್ಕು ವರ್ಷದಿಂದ ಇಸ್ರೇಲಿನ ಹೈಫಾದಲ್ಲಿ ಕೇರ್‌ಗಿವರ್ ಕೆಲಸದಲ್ಲಿದ್ದೇನೆ. ನಾನು ನೋಡಿಕೊಳ್ಳುವ ಅಜ್ಜಿಗೆ 87 ವರ್ಷ. ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. “ಈ ನೆಲ ನಮ್ಮವರು ದುಡ್ಡು ಕೊಟ್ಟು ಕೊಂಡದ್ದು, ಅರಬರು ತಾವಾಗಿಯೇ ಬಿಟ್ಟು ಓಡಿದರು” ಎನ್ನುತ್ತಾರೆ. ಅವರ ಮಾತ್ರೆ ತರಲು ಹೋಗುವ ಔಷಧಿ ಅಂಗಡಿಯ ಮಾಲೀಕರು ಅರಬರು. ಅವರು ಒಂದು ದಿನ ಮೊಬೈಲಿನಲ್ಲಿ ತಮ್ಮ ಅಜ್ಜನ ಕಾಲದ ಜಮೀನಿನ ಕಾಗದದ ಫೋಟೊ ತೋರಿಸಿ “ಎಲ್ಲ ಕಿತ್ತುಕೊಂಡರು” ಎಂದರು. ಇಬ್ಬರೂ ನನಗೆ ಒಳ್ಳೆಯವರೇ. ಊರಿಗೆ ಫೋನ್ ಮಾಡಿದರೆ ಅಣ್ಣ “ಅದು ಎರಡು ಸಾವಿರ ವರ್ಷದ ಧರ್ಮದ ಜಗಳ, ಮುಗಿಯುವುದಲ್ಲ, ನೀನು ತಲೆಹಾಕಬೇಡ” ಎನ್ನುತ್ತಾನೆ. ಯಾರದ್ದು ನಿಜ? ಇದು ಮುಗಿಯುವ ದಾರಿ ಇದೆಯಾ?

ಉತ್ತರ: ಅಜ್ಜಿಯೂ ಸುಳ್ಳು ಹೇಳುತ್ತಿಲ್ಲ, ಅಂಗಡಿಯವರೂ ಹೇಳುತ್ತಿಲ್ಲ. ಹಾಗಂತ ‘ಇಬ್ಬರದ್ದೂ ಸರಿ’ ಎಂದು ಜಾರಿಕೊಳ್ಳುವುದು ನನಗೆ ಇಷ್ಟವಿಲ್ಲ. ಅವರಿಬ್ಬರು ಹೇಳುತ್ತಿರುವುದು ಬೇರೆ ಬೇರೆ ಜಮೀನಿನ, ಬೇರೆ ಬೇರೆ ವರ್ಷದ ಮಾತು. ಅದನ್ನು ಬಿಡಿಸಿ ಇಟ್ಟರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲು ನಿಮ್ಮ ಅಣ್ಣನ ಮಾತು ಮುಗಿಸೋಣ. ಮೂವತ್ತು ವರ್ಷ ಕಾಲೇಜಿನಲ್ಲಿ ಪಶ್ಚಿಮ ಏಷ್ಯಾದ ಇತಿಹಾಸ ಪಾಠ ಮಾಡಿದೆ. ‘ಎರಡು ಸಾವಿರ ವರ್ಷದ ಜಗಳ’ ಎಂದು ಬರೆದವರಿಗೆ ತಪ್ಪದೆ ಅರ್ಧ ಅಂಕ ಕಳೆಯುತ್ತಿದ್ದೆ. ಈ ಜಗಳಕ್ಕೆ ಜಾಸ್ತಿ ಎಂದರೆ 140 ವರ್ಷ ವಯಸ್ಸು. ಅದಕ್ಕೂ ಮುಂಚೆ ಜೆರುಸಲೇಂ, ಹೆಬ್ರಾನ್, ಸಫೇದ್, ತಿಬೇರಿಯಸ್ ಊರುಗಳಲ್ಲಿ ಯಹೂದಿಗಳು ಅರಬರ ಪಕ್ಕದಲ್ಲೇ ಇದ್ದರು. ಸರಿಸಮಾನರಾಗಿ ಇದ್ದರು ಎನ್ನಲಾರೆ. ಮುಸ್ಲಿಂ ದೊರೆಗಳ ಕೆಳಗೆ ಅವರದ್ದು ಎರಡನೇ ದರ್ಜೆ, ಆಗೀಗ ಹೊಡೆತವೂ ಬಿದ್ದಿದೆ. ಆದರೆ ‘ಇದು ಯಾರ ದೇಶ’ ಎಂಬ ಪ್ರಶ್ನೆ ಆಗ ಎದ್ದಿರಲಿಲ್ಲ. ನಿಮ್ಮ ಅಜ್ಜಿಯನ್ನೇ ಕೇಳಿ, ಬಾಗ್ದಾದಿನ ಮನೆಯಲ್ಲಿ ಅವರು ಆಡುತ್ತಿದ್ದ ಮಾತು ಅರಬಿಯೇ ಇರಬೇಕು.

ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಯಹೂದಿಗಳು ತಲೆತಲಾಂತರದಿಂದ ಜೆರುಸಲೇಂ ಕಡೆ ಮುಖ ಮಾಡಿ ಪ್ರಾರ್ಥನೆ ಮಾಡಿದವರು. ಅವರು ಆ ನೆಲಕ್ಕೆ ಸಂಬಂಧವಿಲ್ಲದ ಹೊರಗಿನವರು ಎನ್ನುವ ಮಾತೂ ಸುಳ್ಳೇ. ಆದರೆ ಪ್ರಾರ್ಥನೆ ಒಂದು, ಪಾಯ ತೋಡುವುದು ಇನ್ನೊಂದು. ಪಾಯ ತೋಡುವ ಹೊತ್ತು ಬಂದದ್ದು ಯುರೋಪಿನಿಂದ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯಿತು. ಅದರ ಬೆನ್ನಿಗೆ ಅಲ್ಲಿನ ಯಹೂದಿ ಕೇರಿಗಳ ಮೇಲೆ ದಾಳಿ ಶುರುವಾಯಿತು. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಹೆಚ್ಚಿನವರು ಅಮೆರಿಕಕ್ಕೆ ಹೋದರು, ಕೆಲವರು 1882ರಿಂದ ಪ್ಯಾಲೆಸ್ತೀನಿಗೆ ಬಂದರು. 1897ರಲ್ಲಿ ಥಿಯೋಡರ್ ಹರ್ಝಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಯಹೂದಿಗಳಿಗೆ ತಮ್ಮದೇ ನೆಲೆ ಬೇಕು ಎನ್ನುವ ಝಿಯೋನಿಸ್ಟರ ಮೊದಲ ಸಮ್ಮೇಳನ ಕರೆದರು. ಹೊಡೆತ ತಿಂದು ಹೊರಟ ಜನ ಇವರು. ಆದರೆ ಬಂದು ಇಳಿದ ಜಾಗ ಖಾಲಿ ಇರಲಿಲ್ಲ. 1922ರ ಜನಗಣತಿಯಲ್ಲಿ ಪ್ಯಾಲೆಸ್ತೀನಿನ ಜನ ಸುಮಾರು 7 ಲಕ್ಷ 57 ಸಾವಿರ. ಅದರಲ್ಲಿ ಯಹೂದಿಗಳು ಸುಮಾರು 84 ಸಾವಿರ, ಅಂದರೆ ಒಂಬತ್ತು ಜನರಲ್ಲಿ ಒಬ್ಬರು.

ಈಗ ಜಮೀನಿಗೆ ಬರೋಣ. ಅಂಗಡಿಯವರು ತೋರಿಸಿದ ಕಾಗದ ‘ಕೂಶಾನ್’ ಇರಬೇಕು. ನಮ್ಮಲ್ಲಿ ಹಕ್ಕುಪತ್ರ ಇದ್ದ ಹಾಗೆ. ಅದರ ಬೇರು ಆಗ ಪ್ಯಾಲೆಸ್ತೀನನ್ನು ಆಳುತ್ತಿದ್ದ ತುರ್ಕಿಯ ಒಟ್ಟೋಮನ್ ಸರಕಾರ 1858ರಲ್ಲಿ ತಂದ ಭೂ ಕಾನೂನಿನಲ್ಲಿದೆ. ಪ್ರತಿ ಜಮೀನೂ ಒಬ್ಬರ ಹೆಸರಿನಲ್ಲಿ ದಾಖಲಾಗಬೇಕು ಎಂದಿತು ಆ ಕಾನೂನು. ಆದರೆ ಅಲ್ಲಿನ ಹಳ್ಳಿಗಳಲ್ಲಿ ಜಮೀನು ಊರೊಟ್ಟಿನದು. ಒಂದೆರಡು ವರ್ಷಕ್ಕೊಮ್ಮೆ ಮನೆಮನೆಗೆ ಪಾಲು ಅದಲುಬದಲು ಮಾಡಿಕೊಂಡು ಉಳುತ್ತಿದ್ದರು. ಹೆಸರು ಬರೆಸಿದರೆ ತೆರಿಗೆ ಬರುತ್ತದೆ, ಮಗನನ್ನು ಸೈನ್ಯಕ್ಕೆ ಎಳೆಯುತ್ತಾರೆ ಎಂಬ ಹೆದರಿಕೆ ಬೇರೆ. ಹಾಗಾಗಿ ಬಹಳ ಕಡೆ ಊರ ಮುಖಂಡನ ಹೆಸರೋ ಪಟ್ಟಣದ ಸಾಹುಕಾರನ ಹೆಸರೋ ಕಾಗದಕ್ಕೆ ಬಂತು. ಉಳುವವನಿಗೆ ಏನೂ ವ್ಯತ್ಯಾಸವಾಗಲಿಲ್ಲ. ಕಾಗದದ ಒಡೆಯ ಬೈರೂತಿನಲ್ಲಿ ಕೂತಿದ್ದ, ಇವನು ಪಾಲು ಕೊಟ್ಟು ಉಳುತ್ತಿದ್ದ. ಒಡೆಯ ಬದಲಾದರೂ ಒಕ್ಕಲು ಬದಲಾಗುವುದಿಲ್ಲ ಎನ್ನುವುದು ರೂಢಿ.

ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮ್ಮದೂ ಚಾಲಗೇಣಿ ಒಕ್ಕಲಿನ ಮನೆ. 1974ರ ಭೂಸುಧಾರಣೆ ಕಾಯ್ದೆ ಬಂದ ಮೇಲೆ ನಮ್ಮ ಅಜ್ಜ ಡಿಕ್ಲರೇಶನ್ ಹಾಕಿ ಗದ್ದೆ ತನ್ನದು ಮಾಡಿಕೊಂಡರು. ಧಣಿಗಳ ಕೈಯಲ್ಲೂ ಕಾಗದ ಇತ್ತು, ಅದು ಖೋಟಾ ಆಗಿರಲಿಲ್ಲ. ಆದರೆ ಕಾನೂನು ಉಳುವವನ ಕಡೆ ನಿಂತಿತು. ಪ್ಯಾಲೆಸ್ತೀನಿನಲ್ಲಿ ಅದು ಕಾಗದದ ಕಡೆ ನಿಂತಿತು.

ಅಲ್ ಫೂಲಾ ಎಂಬ ಹಳ್ಳಿಯ ಕತೆ ಹೇಳುತ್ತೇನೆ. ಹೈಫಾದಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಅಫುಲಾ ಪಟ್ಟಣ ಸಿಗುತ್ತದೆ. ಆ ಹೆಸರು ಬಂದದ್ದು ಈ ಹಳ್ಳಿಯಿಂದ. 1910ರಲ್ಲಿ ಬೈರೂತಿನ ಸಾಹುಕಾರ ಇಲಿಯಾಸ್ ಸುರ್ಸೊಕ್ ಅಲ್ಲಿನ ಸುಮಾರು 10,000 ದುನಂ ಜಮೀನು ಮಾರಿದ. ಒಂದು ದುನಂ ಎಂದರೆ ಹತ್ತಿರ ಹತ್ತಿರ 25 ಸೆಂಟ್ಸ್, ಅಂದರೆ ಎರಡೂವರೆ ಸಾವಿರ ಎಕರೆ ಹಿಡಿಯಿರಿ. ಕೊಂಡದ್ದು 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿ. ನಜರೇತಿನ ಅಧಿಕಾರಿ ಶುಕ್ರಿ ಅಲ್ ಅಸಲಿ, ನಮ್ಮ ತಹಶೀಲ್ದಾರರಂಥ ಹುದ್ದೆಯವರು, ಹಕ್ಕುಪತ್ರ ಹಸ್ತಾಂತರ ಮಾಡುವುದಿಲ್ಲ ಎಂದು ಪಟ್ಟು ಹಿಡಿದರು. ಹಳ್ಳಿಯಲ್ಲಿ ಕ್ರುಸೇಡಿನ, ಅಂದರೆ ಯುರೋಪಿನ ಕ್ರೈಸ್ತರ ಧರ್ಮಯುದ್ಧದ ಕಾಲದ ಕೋಟೆಯ ಅವಶೇಷ ಇತ್ತು. ಅದನ್ನೇ ನೆಪ ಮಾಡಿ, ಆ ಯುದ್ಧದಲ್ಲಿ ಕ್ರೈಸ್ತರನ್ನು ಸೋಲಿಸಿದ ಸುಲ್ತಾನ ಸಲಾದಿನ್ ಹೆಸರಿನಲ್ಲಿ ಪತ್ರಿಕೆಗೆ ಬರೆದರು. ಮೇಲಿನ ಗವರ್ನರು ಒಪ್ಪಲಿಲ್ಲ, ಮಾರಾಟ ಊರ್ಜಿತವಾಯಿತು. 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯಹೂದಿ ವಸಾಹತು ಎದ್ದಿತು. (ಮುಂದೆ ಪ್ರಧಾನಿಯಾದ ಗೋಲ್ಡಾ ಮೇಯಿರ್ ಹರೆಯದಲ್ಲಿ ಕೋಳಿ ಸಾಕಿದ್ದು ಮೆರ್ಹಾವಿಯಾದ ಕಿಬ್ಬುಟ್ಜ್‌ನಲ್ಲೇ, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ನೆಲೆಯಲ್ಲಿ.) ಅಸಲಿ ಅದೇ ವರ್ಷ ಇಸ್ತಾಂಬುಲ್ ಸಂಸತ್ತಿಗೆ ಆರಿಸಿ ಹೋದರು.

ಕ್ರಯ ಪಕ್ಕಾ ಇತ್ತು, ದುಡ್ಡು ಕೈ ಬದಲಾಗಿತ್ತು. ಹಾಗಾದರೆ ತಂಟೆ ಎಲ್ಲಿ? ಹಳೆ ಒಡೆಯನಿಗೆ ಒಕ್ಕಲು ಬೇಕಿತ್ತು. ಹೊಸ ಒಡೆಯನಿಗೆ ಬೇಕಾದದ್ದು ಖಾಲಿ ನೆಲ. ನಿಧಿಯ ನಿಯಮವೇ ಹಾಗಿತ್ತು. ಕೊಂಡ ನೆಲವನ್ನು ಮತ್ತೆ ಮಾರುವಂತಿಲ್ಲ, ಯಹೂದಿಗಳಿಗೇ ಗುತ್ತಿಗೆ ಕೊಡಬೇಕು, ಯಹೂದಿಗಳೇ ದುಡಿಯಬೇಕು. ಸ್ವಂತ ಬೆವರಿನಿಂದ ಬದುಕುವ ಜನಾಂಗ ಕಟ್ಟಬೇಕು ಎನ್ನುವುದು ಅವರ ಆದರ್ಶ. ಜೌಗು ಬಸಿದು, ಮಲೇರಿಯಾದಲ್ಲಿ ಸತ್ತು ಅದನ್ನು ಮಾಡಿದರು ಕೂಡ. ಆದರೆ ಅದೇ ಆದರ್ಶ ಪಕ್ಕದ ಹಳ್ಳಿಯವನಿಗೆ ‘ನಿನಗೆ ಇಲ್ಲಿ ಕೂಲಿಯೂ ಇಲ್ಲ’ ಎಂದು ಕೇಳಿಸಿತು. 1920ರ ದಶಕದಲ್ಲಿ ಸುರ್ಸೊಕ್ ಮನೆತನ ಅಲ್ ಫೂಲಾ ಇದ್ದ ಕಣಿವೆಯ ಹಳ್ಳಿ ಹಳ್ಳಿಗಳನ್ನೇ ಮಾರಿತು. ಅಷ್ಟರಲ್ಲಿ ತುರ್ಕರ ಜಾಗಕ್ಕೆ ಬಂದು ಆಳುತ್ತಿದ್ದ ಬ್ರಿಟಿಷರು ಗೇಣಿದಾರರಿಗೆಂದು ಕಾಯ್ದೆ ಮಾಡಿದರೂ, ಪರಿಹಾರ ಕೊಟ್ಟು ಎಬ್ಬಿಸುವ ದಾರಿ ತೆರೆದೇ ಇತ್ತು. ವೇದಿಕೆಯಲ್ಲಿ ಮಾರಾಟದ ವಿರುದ್ಧ ಭಾಷಣ ಮಾಡಿ ರಾತ್ರಿ ಸಹಿ ಹಾಕಿದ ಸ್ಥಳೀಯ ಅರಬ್ ಮುಖಂಡರೂ ಇದ್ದರು. ಅದನ್ನೂ ಹೇಳಬೇಕು.

ಹೀಗೆ ಕೊಂಡದ್ದೆಲ್ಲ ಸೇರಿಸಿದರೂ 1947ರ ಹೊತ್ತಿಗೆ ಯಹೂದಿಗಳ ಕೈಯಲ್ಲಿ ಇದ್ದದ್ದು ಪ್ಯಾಲೆಸ್ತೀನಿನ ಒಟ್ಟು ನೆಲದ ಸುಮಾರು ಶೇ. 7. ಅಜ್ಜಿಯ ಮಾತು ನಿಜ, ಈ ಶೇ. 7ರ ಮಟ್ಟಿಗೆ. ಉಳಿದದ್ದು ಬಂದ ದಾರಿ ಬೇರೆ.

ಕ್ರಯಪತ್ರದಿಂದ ಹೊಲ ಬರುತ್ತದೆ, ದೇಶ ಬರುವುದಿಲ್ಲ. ದೇಶದ ಮಾತು ಎತ್ತಿದ್ದು ಬ್ರಿಟಿಷರು. ಮೊದಲ ಮಹಾಯುದ್ಧದಲ್ಲಿ ಅರಬ್ ಮುಖಂಡ ಹುಸೇನನಿಗೆ ಸ್ವತಂತ್ರ ರಾಜ್ಯದ ಆಸೆ ತೋರಿಸಿದರು. 1917ರ ನವೆಂಬರ್ 2ರಂದು ಬಾಲ್ಫರ್ ಘೋಷಣೆಯಲ್ಲಿ ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ ‘ರಾಷ್ಟ್ರೀಯ ನೆಲೆ’ ಎಂದರು. ಆ ಘೋಷಣೆಯಲ್ಲಿ ಅರಬರ ಹೆಸರೇ ಇಲ್ಲ. ‘ಯಹೂದಿಗಳಲ್ಲದ ಸಮುದಾಯಗಳು’ ಎಂದಷ್ಟೇ ಇದೆ. ಆಗ ಹತ್ತರಲ್ಲಿ ಒಂಬತ್ತು ಜನ ಆ ‘ಅಲ್ಲದವರೇ’! ಮರುವರ್ಷ, 1918ರ ಸೆಪ್ಟೆಂಬರ್ 23ರಂದು, ನೀವಿರುವ ಹೈಫಾವನ್ನು ತುರ್ಕರಿಂದ ಗೆದ್ದದ್ದು ಮೈಸೂರು ಮತ್ತು ಜೋಧಪುರದ ಕುದುರೆ ಪಡೆ. ಸೆಪ್ಟೆಂಬರಿನಲ್ಲಿ ಅಲ್ಲಿನ ಭಾರತೀಯ ಯೋಧರ ಸ್ಮಶಾನದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ನೀವೂ ಹೋಗಿರಬಹುದು.

ಆಮೇಲಿನದ್ದು ಬೇಗ ಹೇಳುತ್ತೇನೆ. 1920, 1921ರಲ್ಲಿ ದಂಗೆ. 1929ರಲ್ಲಿ ಹೆಬ್ರಾನಿನಲ್ಲಿ 67 ಯಹೂದಿಗಳ ಕೊಲೆ. ಬಹಳಷ್ಟು ಜನ ಬದುಕಿದ್ದು ಅರಬ್ ನೆರೆಯವರು ಮನೆಯೊಳಗೆ ಬಚ್ಚಿಟ್ಟಿದ್ದರಿಂದ. 1936ರಿಂದ 39ರವರೆಗೆ ಅರಬರ ದೊಡ್ಡ ಬಂಡಾಯ, ಅದನ್ನು ಬ್ರಿಟಿಷರು ಕ್ರೂರವಾಗಿ ಅಡಗಿಸಿದರು. 1939ರಲ್ಲಿ ಬ್ರಿಟಿಷರು ದಿಕ್ಕು ಬದಲಿಸಿ, ಐದು ವರ್ಷಕ್ಕೆ 75 ಸಾವಿರ ಯಹೂದಿಗಳಿಗೆ ಮಾತ್ರ ಪ್ರವೇಶ ಎಂದರು. ಹಿಟ್ಲರ್ ಕೊಲ್ಲಲು ಹೊರಟ ಹೊತ್ತಿನಲ್ಲೇ ಬಾಗಿಲು ಹಾಕಿದ ಹಾಗಾಯಿತು. ಅಮೆರಿಕ 1924ರಲ್ಲೇ ತನ್ನ ಬಾಗಿಲು ಸಣ್ಣದು ಮಾಡಿತ್ತು. 60 ಲಕ್ಷ ಜನ ಸತ್ತರು. ಬದುಕಿ ಉಳಿದ ಸುಮಾರು 4,500 ಜನರನ್ನು ಹೊತ್ತ ‘ಎಕ್ಸೋಡಸ್’ ಹಡಗು 1947ರ ಜುಲೈಯಲ್ಲಿ ನಿಮ್ಮ ಹೈಫಾ ಬಂದರಿಗೇ ಬಂತು. ಬ್ರಿಟಿಷರು ಅವರನ್ನು ವಾಪಸು ಜರ್ಮನಿಗೇ ಕಳಿಸಿದರು. ‘ನಮಗೆ ನಮ್ಮದೇ ಬಾಗಿಲು ಬೇಕು’ ಎಂದು ಯಹೂದಿಗಳು ಯಾಕೆ ಅಷ್ಟು ಹಟ ಹಿಡಿಯುತ್ತಾರೆ ಎನ್ನುವುದಕ್ಕೆ ಆ ಹಡಗನ್ನು ನೆನಪಿಟ್ಟುಕೊಳ್ಳಿ.

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ನೆಲ ಭಾಗ ಮಾಡಲು ಮತ ಹಾಕಿತು. ಪರ 33, ವಿರುದ್ಧ 13. ಭಾರತ ವಿರುದ್ಧ ಮತ ಹಾಕಿತು. ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲಿದ್ದ ಯಹೂದಿಗಳಿಗೆ ಸುಮಾರು ಶೇ. 55 ನೆಲ ಎಂದಾಯಿತು, ಅದರಲ್ಲಿ ಬಹುಪಾಲು ನೆಗೆವ್ ಮರುಭೂಮಿ. ಯಹೂದಿ ನಾಯಕತ್ವ ಒಪ್ಪಿತು. ಅರಬರು ‘ನಮ್ಮ ಮನೆ ಪಾಲು ಮಾಡಲು ನೀವು ಯಾರು’ ಎಂದರು. ಮರುದಿನದಿಂದಲೇ ಹೊಡೆದಾಟ.

ಅರಬರು ತಾವಾಗಿಯೇ ಓಡಿದರಾ? ಹೈಫಾವನ್ನೇ ನೋಡಿ. ಡಿಸೆಂಬರ್ 30ರಂದು ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆಯ ಗೇಟಿನಲ್ಲಿ ಕೆಲಸಕ್ಕೆ ಕಾದಿದ್ದ ಅರಬ್ ಕೂಲಿಗಳ ಮೇಲೆ ಇರ್ಗುನ್ ಎಂಬ ಯಹೂದಿ ಉಗ್ರ ಗುಂಪು ಬಾಂಬ್ ಎಸೆಯಿತು. ಆರು ಜನ ಸತ್ತರು. ಒಳಗಿದ್ದ ಅರಬ್ ಕೆಲಸಗಾರರು ಜೊತೆಗೆ ದುಡಿಯುತ್ತಿದ್ದ 39 ಯಹೂದಿಗಳನ್ನು ಕೊಂದರು. ಮರುದಿನ ರಾತ್ರಿ ಯಹೂದಿ ಪಡೆ ಹಗನಾ ಪಕ್ಕದ ಬಲದ್ ಅಲ್ ಶೇಖ್ ಹಳ್ಳಿಗೆ ನುಗ್ಗಿ ಹತ್ತಾರು ಜನರನ್ನು ಕೊಂದಿತು. ಎರಡೇ ದಿನ! ಅಲ್ಲಿಂದಲೇ ಉಳ್ಳವರು ಊರು ಬಿಡತೊಡಗಿದರು. 1948ರ ಏಪ್ರಿಲ್ 9ರಂದು ಜೆರುಸಲೇಂ ಹತ್ತಿರದ ದೇರ್ ಯಾಸಿನ್‌ನಲ್ಲಿ ಯಹೂದಿ ಉಗ್ರ ಗುಂಪುಗಳಿಂದ ನೂರಕ್ಕೂ ಹೆಚ್ಚು ಅರಬ್ ಹಳ್ಳಿಗರ ಹತ್ಯೆಯಾಯಿತು. ಆ ಸುದ್ದಿ ಎಲ್ಲ ಕಡೆ ಹಬ್ಬಿತು. ನಾಲ್ಕು ದಿನದ ಮೇಲೆ ಹದಸ್ಸಾ ಆಸ್ಪತ್ರೆಗೆ ಹೊರಟ ಯಹೂದಿ ವೈದ್ಯರು, ನರ್ಸುಗಳ ವಾಹನಗಳ ಮೇಲೆ ದಾಳಿ, 78 ಸಾವು. ಏಪ್ರಿಲ್ 21, 22ರಂದು ಹಗನಾ ಹೈಫಾದ ಅರಬ್ ಕೇರಿಗಳನ್ನು ಗೆದ್ದಿತು. ಮಾರುಕಟ್ಟೆಯ ಮೇಲೆ ಗುಂಡು ಬೀಳುತ್ತಿದ್ದಾಗ ಜನ ಬಂದರಿಗೆ ಓಡಿ ದೋಣಿ ಹತ್ತಿ ಅಕ್ರೆ ಕಡೆ ಹೋದರು. ಯಹೂದಿ ಮೇಯರ್ ಶಬ್ತಾಯಿ ಲೆವಿ ‘ಹೋಗಬೇಡಿ’ ಎಂದು ಬೇಡಿಕೊಂಡದ್ದು ನಿಜ. ಅರಬ್ ಮುಖಂಡರು ಒಪ್ಪಂದಕ್ಕೆ ಸಹಿ ಹಾಕದೆ ‘ನಮ್ಮನ್ನು ಸಾಗಿಸಿ’ ಎಂದದ್ದೂ ನಿಜ. ಸುಮಾರು 70 ಸಾವಿರ ಅರಬರಿದ್ದ ಊರಲ್ಲಿ ಮೂರ್ನಾಲ್ಕು ಸಾವಿರ ಉಳಿದರು. ಅವರಲ್ಲಿ ಹೆಚ್ಚಿನವರನ್ನು ವಾದಿ ನಿಸ್ನಾಸ್ ಕೇರಿಗೆ ಸೇರಿಸಿದರು.

ಅರಬ್ ರೇಡಿಯೊ ಎಲ್ಲರಿಗೂ ‘ಊರು ಬಿಡಿ’ ಎಂದು ಅಪ್ಪಣೆ ಕೊಟ್ಟಿತ್ತು ಎಂಬ ಕತೆ ಬಹಳ ವರ್ಷ ಓಡಿತು. 1980ರ ದಶಕದಲ್ಲಿ ಇಸ್ರೇಲಿನದೇ ಇತಿಹಾಸಕಾರರು, ಬೆನ್ನಿ ಮಾರಿಸ್ ಮೊದಲಾದವರು, ಸರಕಾರಿ ಕಡತ ತೆಗೆದು ನೋಡಿದಾಗ ಅದು ನಿಲ್ಲಲಿಲ್ಲ. ಹೆದರಿ ಓಡಿದವರಿದ್ದರು, ಮುಖಂಡರ ಮಾತು ಕೇಳಿ ಹೋದವರಿದ್ದರು, ಜುಲೈಯಲ್ಲಿ ಲಿದ್ದಾ ಮತ್ತು ರಮ್ಲೆಯಲ್ಲಿ ಆದ ಹಾಗೆ ಸೈನಿಕರು ಹೊರಗಟ್ಟಿದವರಿದ್ದರು. ಒಟ್ಟು 7 ಲಕ್ಷಕ್ಕೂ ಹೆಚ್ಚು ಜನ. ಆದರೆ ಹೇಗೆ ಹೋದರು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ, ಯಾಕೆ ವಾಪಸು ಬರಲಿಲ್ಲ? ಬರಲು ಬಿಡಲಿಲ್ಲ. ಮಳೆಗಾಲದಲ್ಲಿ ನೆರೆ ಬಂದು ಮನೆ ಬಿಟ್ಟವರು ನೆರೆ ಇಳಿದ ಮೇಲೆ ಬರುತ್ತಾರಲ್ಲ, ಆ ಹಕ್ಕೇ ಇವರಿಗೆ ಸಿಗಲಿಲ್ಲ. 1948ರಲ್ಲಿ ಹುಟ್ಟಿದ ಇಸ್ರೇಲ್ ದೇಶದಲ್ಲಿ 1950ರಲ್ಲಿ ‘ಗೈರುಹಾಜರಾದವರ ಆಸ್ತಿ’ ಎಂಬ ಕಾನೂನು ಬಂತು, ಬಿಟ್ಟುಹೋದವರ ಆಸ್ತಿ ಸರಕಾರದ ವಶವಾಯಿತು. ಹೈಫಾದವನು ಜೀವ ಉಳಿಸಿಕೊಳ್ಳಲು ಇಪ್ಪತ್ತು ಮೈಲಿ ಆಚೆಯ ನಜರೇತಿಗೆ ಹೋಗಿ ಕೂತು, ಮುಂದೆ ಇಸ್ರೇಲಿನ ಪ್ರಜೆಯೇ ಆದರೂ ಆಸ್ತಿಯ ಲೆಕ್ಕದಲ್ಲಿ ಗೈರುಹಾಜರಿ! ಇಂಥವರಿಗೆ ‘ಹಾಜರಿದ್ದೂ ಗೈರುಹಾಜರಾದವರು’ ಎಂಬ ಹೆಸರೇ ಇದೆ. ಅಂಗಡಿಯವರ ಮನೆತನ ಈ ಪಟ್ಟಿಯಲ್ಲಿದ್ದರೆ ‘ಕಿತ್ತುಕೊಂಡರು’ ಎಂಬ ಮಾತು ತೀರಾ ನೇರ.

ಈಗ ಅಜ್ಜಿಯ ಪಾಲು. ಅವರ ಕುಟುಂಬ 1950-51ರಲ್ಲಿ ಬಂದಿರಬೇಕು. ಆಗ ಇರಾಕಿನಿಂದ ಸುಮಾರು 1 ಲಕ್ಷ 20 ಸಾವಿರ ಯಹೂದಿಗಳು ಹೊರಟರು. ಪೌರತ್ವ ಬಿಟ್ಟುಕೊಡಬೇಕಿತ್ತು. 1951ರ ಮಾರ್ಚಿನಲ್ಲಿ ಇರಾಕ್ ಸರಕಾರ ಅವರ ಆಸ್ತಿಯನ್ನೂ ತಡೆಹಿಡಿಯಿತು. ಬಂದವರಿಗೆ ಸಿಕ್ಕಿದ್ದು ಡೇರೆ, ತಗಡಿನ ಶೆಡ್ಡು. ಅವರೂ ಕಾಗದ ಕಳಕೊಂಡವರೇ, ಅಷ್ಟೇ ಅಲ್ಲ, ತೋರಿಸಲು ಫೋಟೊವೂ ಇಲ್ಲದಿರಬಹುದು. ಒಂದು ಲೆಕ್ಕಕ್ಕೆ ಇನ್ನೊಂದು ಲೆಕ್ಕ ಚುಕ್ತಾ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಬಾಗ್ದಾದಿನ ಸರಕಾರ ಮಾಡಿದ್ದಕ್ಕೆ ಹೈಫಾದ ಔಷಧಿ ಅಂಗಡಿಯವರು ಸಾಲಗಾರರಲ್ಲ. ಹೈಫಾದಲ್ಲಿ ಆದದ್ದಕ್ಕೆ ಬಾಗ್ದಾದಿನಿಂದ ಬಂದ ಆ ಪುಟ್ಟ ಹುಡುಗಿಯೂ ಅಲ್ಲ.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ವೆಸ್ಟ್ ಬ್ಯಾಂಕ್, ಗಾಜಾ, ಪೂರ್ವ ಜೆರುಸಲೇಂ ಗೆದ್ದ ಮೇಲೆ ಹೊಸ ಸುತ್ತು. ಅಲ್ಲೂ ಅದೇ 1858ರ ಕಾನೂನು ಬಂತು ನೋಡಿ. ಖಾಸಗಿ ಜಮೀನನ್ನು ಮಿಲಿಟರಿ ಆದೇಶದಿಂದ ಹಿಡಿದು ವಸಾಹತು ಕಟ್ಟುವಂತಿಲ್ಲ ಎಂದು 1979ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಎಲೋನ್ ಮೊರೆ ಪ್ರಕರಣದಲ್ಲಿ ಹೇಳಿತು. ಆಮೇಲೆ ಸರಕಾರ ತುರ್ಕರ ಕಾನೂನು ಹುಡುಕಿ ತೆಗೆಯಿತು. ಅದರ ಪ್ರಕಾರ ಇಂತಿಷ್ಟು ವರ್ಷ ಉಳದೆ ಬಿಟ್ಟ ಜಮೀನು ಸರಕಾರದ್ದು. ಪಾಳು ಬಿಟ್ಟ ಗುಡ್ಡಗಳೆಲ್ಲ ‘ಸರಕಾರಿ ಜಮೀನು’ ಆದವು, ಮೇಲೆ ಮನೆಗಳು ಎದ್ದವು. ಇವತ್ತು ವೆಸ್ಟ್ ಬ್ಯಾಂಕಿನಲ್ಲಿ ಸುಮಾರು 5 ಲಕ್ಷ ಯಹೂದಿ ವಸಾಹತುಗಾರರಿದ್ದಾರೆ. ಪೂರ್ವ ಜೆರುಸಲೇಂನಲ್ಲಿ ಇನ್ನೂ 2 ಲಕ್ಷಕ್ಕೂ ಹೆಚ್ಚು.

ಮುಗಿಯುವ ದಾರಿ ಇದೆಯಾ ಎಂದು ಕೇಳಿದ್ದೀರಿ. 1993ರಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ತೀನಿಯರ ನಾಯಕ ಅರಾಫತ್ ಕೈಕುಲುಕಿದ ಫೋಟೊವನ್ನು ಪತ್ರಿಕೆಯಿಂದ ಕತ್ತರಿಸಿ ಕ್ಲಾಸಿನ ಗೋಡೆಗೆ ಅಂಟಿಸಿದವ ನಾನು. ಹತ್ತು ವರ್ಷದಲ್ಲಿ ಎರಡು ದೇಶ ಆಗಿಯೇ ಆಗುತ್ತದೆ ಎಂದು ಮಕ್ಕಳಿಗೆ ಹೇಳಿದ್ದೆ. 1995ರಲ್ಲಿ ರಾಬಿನ್‌ರನ್ನು ಒಬ್ಬ ಯಹೂದಿ ಉಗ್ರನೇ ಗುಂಡಿಟ್ಟು ಕೊಂದ. ಹಮಾಸ್ ಬಸ್ಸುಗಳಲ್ಲಿ ಬಾಂಬ್ ಸಿಡಿಸಿತು, ವಸಾಹತುಗಳು ಬೆಳೆಯುತ್ತಲೇ ಹೋದವು. ಫೋಟೊ ಹಳದಿಯಾಯಿತು. ಆದ್ದರಿಂದ ನನ್ನ ಭವಿಷ್ಯವಾಣಿಯನ್ನು ಸ್ವಲ್ಪ ಕಮ್ಮಿ ಬೆಲೆಗೆ ತೆಗೆದುಕೊಳ್ಳಿ.

ಎರಡು ದೇಶ ಎನ್ನುವುದು ಈಗಲೂ ಹೆಚ್ಚಿನ ದೇಶಗಳು ಹೇಳುವ ದಾರಿ. ಅದಕ್ಕೆ ಲಕ್ಷಾಂತರ ವಸಾಹತುಗಾರರನ್ನು ಎಬ್ಬಿಸಬೇಕು, ಇಲ್ಲವೇ ಗಡಿಯಲ್ಲಿ ಜಮೀನು ಬದಲಿ ಮಾಡಬೇಕು. 2005ರಲ್ಲಿ ಗಾಜಾದಿಂದ ಸುಮಾರು 8 ಸಾವಿರ ಜನರನ್ನು ಎಬ್ಬಿಸುವಷ್ಟರಲ್ಲೇ ಇಸ್ರೇಲ್ ನಡುಗಿತು. ಎರಡು ವರ್ಷದಲ್ಲಿ ಅಲ್ಲಿ ಹಮಾಸ್ ಹಿಡಿತ ಬಂತು. ‘ಬಿಟ್ಟುಕೊಟ್ಟರೆ ಹೀಗೇ’ ಎನ್ನುವ ಭಯ ಇಸ್ರೇಲಿಗರದ್ದು. ‘ಚೂರುಚೂರಾದ ನೆಲ ಕೊಟ್ಟು ದೇಶ ಎನ್ನುತ್ತಾರೆ’ ಎನ್ನುವುದು ಪ್ಯಾಲೆಸ್ತೀನಿಯರದ್ದು.

ಒಂದೇ ದೇಶ, ಎಲ್ಲರಿಗೂ ಒಂದೇ ಮತ ಎನ್ನುವುದು ಕೇಳಲು ಚೆಂದ. ಆದರೆ ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಎರಡೂ ಕಡೆಯ ಜನ ಈಗ ಹತ್ತಿರ ಹತ್ತಿರ ಸಮಸಮ. ಎಕ್ಸೋಡಸ್ ಹಡಗನ್ನು ಕಂಡವರ ಮೊಮ್ಮಕ್ಕಳು ತಮ್ಮ ಬಾಗಿಲ ಕೀಲಿ ಇನ್ನೊಬ್ಬರ ಕೈಗೆ ಕೊಡುವುದು ಕಷ್ಟ. ದೇಶ ಎರಡು, ಗಡಿ ತೆರೆದದ್ದು, ಯಾರು ಎಲ್ಲಿ ಬೇಕಾದರೂ ವಾಸ ಮಾಡಬಹುದು, ಮತ ಅವರವರ ದೇಶದಲ್ಲಿ ಎನ್ನುವ ಒಕ್ಕೂಟದ ಯೋಚನೆಯೂ ಇದೆ. ಕಾಗದದ ಮೇಲೆ ನನಗೆ ಇದೇ ಇಷ್ಟ. ಆದರೆ ಅದಕ್ಕೆ ಬೇಕಾದ ನಂಬಿಕೆ ಸದ್ಯ ಯಾರ ಹತ್ತಿರವೂ ಇಲ್ಲ.

ಏನೂ ಮಾಡದೆ ಹೀಗೇ ತಳ್ಳುವುದೂ ಒಂದು ದಾರಿಯೇ. ಬಹಳ ವರ್ಷ ನಡೆದದ್ದು ಅದೇ. ಅದರ ಬೆಲೆ ನೀವು ಕಣ್ಣಾರೆ ನೋಡಿದ್ದೀರಿ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನ ಒತ್ತೆಯಾಳಾದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಹೆಚ್ಚುಕಮ್ಮಿ ಇಡೀ ಗಾಜಾ ಮನೆ ಬಿಟ್ಟಿತು.

ಯಾವ ದಾರಿ ಹಿಡಿದರೂ ಜಮೀನಿನ ಲೆಕ್ಕ ತಪ್ಪುವುದಿಲ್ಲ. ನಿರಾಶ್ರಿತರಿಗೆ ವಾಪಸಾತಿ ಅಥವಾ ಪರಿಹಾರ ಎಂದು ವಿಶ್ವಸಂಸ್ಥೆ 1948ರ ಡಿಸೆಂಬರಿನಲ್ಲೇ ಹೇಳಿತ್ತು. ಎಲ್ಲರೂ ಹಳೆ ಮನೆಗೆ ಮರಳುವುದು ಆಗದ ಮಾತು, ಆ ಮನೆಗಳಲ್ಲಿ ಬಹಳಷ್ಟು ಈಗ ಇಲ್ಲವೇ ಇಲ್ಲ. ಆದರೆ ‘ನಿಮ್ಮದಿತ್ತು, ತೆಗೆದುಕೊಂಡೆವು’ ಎಂದು ಒಪ್ಪಿ ಪರಿಹಾರ ಕೊಡುವುದು ಆಗಬಹುದಾದ ಮಾತು. ನಮ್ಮಲ್ಲಿ ಧಣಿಗಳಿಗೂ ಪರಿಹಾರ ಅಂತ ಒಂದಿಷ್ಟು ಸಿಕ್ಕಿತಲ್ಲ, ಸಾಕಾಗಲಿಲ್ಲ ಎಂದು ಗೊಣಗಿದರೂ.

ನಿಮ್ಮ ಮಟ್ಟಿಗೆ ಒಂದು ಮಾತು. ಇಬ್ಬರ ನಡುವೆ ಪಂಚಾಯ್ತಿಗೆ ಕೂರಬೇಡಿ. ವೀಸಾದ ಮೇಲೆ ಇರುವವರು, ಫೋನಿನಲ್ಲಿ ಬಂದದ್ದನ್ನು ಸುಮ್ನೆ ಫಾರ್ವರ್ಡ್ ಮಾಡುವುದೂ ಬೇಡ. ಕೇಳುವುದಕ್ಕೆ ಅಡ್ಡಿಯಿಲ್ಲ. ಅಜ್ಜಿಯ ಹತ್ತಿರ ಬಾಗ್ದಾದಿನ ಮನೆ ಹೇಗಿತ್ತು ಎಂದು ಕೇಳಿ. ಜಮೀನು ನೋಂದಣಿ ಕಚೇರಿಗೆ ಏನು ಹೇಳುತ್ತಾರೆ ಎಂದೂ ಕೇಳಿ. ಹೀಬ್ರೂನಲ್ಲಿ ಮಾತಾಡುತ್ತಾ ‘ತಾಬು’ ಎನ್ನುತ್ತಾರೆ. ಅಂಗಡಿಯವರನ್ನು ಕೇಳಿ. ಅರಬಿಯಲ್ಲಿ ಮಾತಾಡುತ್ತಾ ಅವರೂ ‘ತಾಬು’ ಎನ್ನುತ್ತಾರೆ. ತುರ್ಕರು ಬಿಟ್ಟುಹೋದ ಮಾತು ಅದು. ಅವರು ಆ ಫೋಟೊ ಮತ್ತೊಮ್ಮೆ ತೋರಿಸಿದರೆ ಕಾಗದದಲ್ಲಿ ಯಾವ ಊರಿನ ಹೆಸರಿದೆ ಎಂದು ಕೇಳಿ ನನಗೆ ಬರೆಯಿರಿ. ಬ್ರಿಟಿಷರ ಕಾಲದ ನಕ್ಷೆಯ ಪ್ರತಿ ನನ್ನ ಹತ್ತಿರ ಇದೆ. ಆ ಊರು ಎಲ್ಲಿತ್ತು ಎಂದು ಹುಡುಕಿ ಹೇಳುತ್ತೇನೆ.